ಧಣಿಯ ಕಾರಿಗೆ ನಾನು ಆರಿಸಿದ ಕಪ್ಪು

ಕಪ್ಪು ಗಾಜಿನ ಕಾರು ಎಲ್ಲಿಯಾದರೂ ನಿಂತಿರುವುದು ಕಂಡರೆ ನನ್ನ ಕಾಲುಗಳು ತಾವಾಗಿಯೇ ಅತ್ತ ತಿರುಗುತ್ತವೆ. ಎರಡೂ ಅಂಗೈಗಳನ್ನು ಕಣ್ಣುಗಳ ಪಕ್ಕ ಮರೆ ಹಿಡಿದು, ಗಾಜಿಗೆ ಮೂಗು ಒತ್ತಿ, ಒಳಗೆ ಇಣುಕುತ್ತೇನೆ. ಇದು ಸಭ್ಯರ ನಡತೆಯಲ್ಲವೆಂದು ಗೆಳೆಯರು ಎಷ್ಟೋ ಸಲ ಹೇಳಿದ್ದಾರೆ. ಸಾರ್ವಜನಿಕರ ಹಣದಲ್ಲಿ ಓಡುವ ಕಾರಿನೊಳಗೆ ಯಾರಿದ್ದಾರೆಂದು ತಿಳಿಯುವ ಹಕ್ಕು ಸಾರ್ವಜನಿಕರಿಗಿದೆ ಎಂದು ನಾನೂ ಅಷ್ಟೇ ಸಲ ಉತ್ತರಿಸಿದ್ದೇನೆ. ಕಳೆದ ತಿಂಗಳು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅಂಥದೊಂದು ಸರ್ಕಾರಿ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ನಾಲ್ಕೂ ಗಾಜು ಕಪ್ಪು. ಒಳಗಿರುವ ಅಧಿಕಾರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಇಣುಕಿದೆ. ಗಾಜು ನಿಧಾನವಾಗಿ ಕೆಳಗಿಳಿಯಿತು. ಒಳಗೆ ಡ್ರೈವರೊಬ್ಬ ತೊಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು, ಬಾಯಲ್ಲಿ ರೊಟ್ಟಿಯ ತುತ್ತು ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಏನು ಬೇಕಾಗಿತ್ತೆಂದು ಕೇಳಿದ. ವೇಳೆ ಎಷ್ಟಾಯಿತೆಂದು ಕೇಳಿದೆ. ಅವನು ನನ್ನ ಮಣಿಕಟ್ಟಿನ ಗಡಿಯಾರವನ್ನು ಒಮ್ಮೆ ನೋಡಿ, ಗಾಜು ಏರಿಸಿದ.

ಈ ಚಟಕ್ಕೆ ಗೆಳೆಯರು ತಿಳಿದಿರುವ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು. ನಿಜವಾದದ್ದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಅರ್ಜಿ, ಕಡತ ಹಿಡಿದು ಅಧಿಕಾರಿಗಳಿಂದ ಉತ್ತರ ಕೇಳುತ್ತ ತಿರುಗುವವನು ತನ್ನ ಸರದಿ ಬಂದಾಗ ಗಂಟಲು ಕೆರೆದುಕೊಂಡು ಕೂತರೆ ಅದು ನ್ಯಾಯವಲ್ಲ. ಆದ್ದರಿಂದ ಹೇಳುತ್ತಿದ್ದೇನೆ. ನಡುನಡುವೆ ಬೇರೆ ಕಡೆ ಹೊರಳಿದರೆ ನೀವು ಸಹಿಸಿಕೊಳ್ಳಬೇಕು. ಕಷ್ಟದ ಮಾತು ಆಡಬೇಕಾದಾಗ ಸುತ್ತು ದಾರಿ ಹಿಡಿಯುವುದು ನಮ್ಮ ಮನೆಯವರ ಗುಣ.

ನಾನು ಮಾನ್ವಿ ತಾಲೂಕಿನ ಮಲ್ಲಟದವನು, ಕೂಲಿಯವರ ಕೇರಿಯವನು. ಎಪ್ಪತ್ತರ ದಶಕದ ನಮ್ಮ ಮಣ್ಣುರಸ್ತೆಯಲ್ಲಿ ಮೋಟಾರು ಎಂದರೆ ಎರಡೇ: ಹೊತ್ತಿಗೆ ಸರಿಯಾಗಿ ಬಾರದ ಬಸ್ಸು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಧಣಿಯ ಕಾರು. ದೂರದಲ್ಲಿ ಎದ್ದ ಧೂಳನ್ನು ನೋಡಿಯೇ ಬರುತ್ತಿರುವುದು ಯಾವುದೆಂದು ಹೇಳುವ ವಿದ್ಯೆ ನಮಗೆ ಅಕ್ಷರಕ್ಕಿಂತ ಮೊದಲೇ ಬಂದಿತ್ತು. ಬಸ್ಸಿನ ಧೂಳು ದಪ್ಪಗೆ ಎದ್ದು ಅಲ್ಲಲ್ಲೇ ಕೂರುತ್ತಿತ್ತು. ಕಾರಿನದು ತೆಳ್ಳಗೆ, ಉದ್ದಕ್ಕೆ, ಜೋಳದ ಹೊಲದ ಮೇಲೆ ಹರಿದುಹೋಗುತ್ತಿತ್ತು. ತೆಳ್ಳನೆಯ ಧೂಳು ಕಂಡೊಡನೆ ಗಂಡಸರು ರಸ್ತೆ ಬಿಟ್ಟು ಕೆಳಗಿಳಿದು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ವಲ್ಲಿ ಎಂದರೆ ಟವೆಲು. ಬೆವರು ಒರೆಸಲು, ಬುತ್ತಿ ಕಟ್ಟಲು, ತಲೆಗೆ ಸುತ್ತಲು ನಮ್ಮವರಿಗೆ ಇರುವುದು ಅದೊಂದೇ. ಕಾಲಲ್ಲಿ ಚಪ್ಪಲಿ ಇದ್ದರೆ ಅದೂ ಕೈಗೆ ಬರುತ್ತಿತ್ತು. ಹೆಂಗಸರು ಸೆರಗು ಎಳೆದುಕೊಂಡು ಹೊಲದ ಕಡೆ ಮುಖ ತಿರುಗಿಸುತ್ತಿದ್ದರು.

ಆ ಕಪ್ಪು ಅಂಬಾಸಿಡರ್ ಕಾರಿನ ಹಿಂದಿನ ಗಾಜುಗಳಿಗೆ ಹಸಿರು ಮಖಮಲ್ಲಿನ ಪರದೆ ಇತ್ತು. ಒಳಗೆ ಧಣಿ ಇದ್ದಾನೋ, ಗಿರಣಿಗೆ ಹೊರಟ ಜೋಳದ ಚೀಲವಿದೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಧಣಿಯ ಬೇಟೆನಾಯಿಯನ್ನು ದನದ ಡಾಕ್ಟರ ಬಳಿಗೆ ಒಯ್ಯುತ್ತಿದ್ದಾಗ ಬಾಗಲವಾಡದ ಹತ್ತಿರ ಗಾಳಿಗೆ ಪರದೆ ಸರಿಯಿತಂತೆ; ಸಾಲಾಗಿ ನಿಂತು ವಲ್ಲಿ ತೆಗೆದಿದ್ದವರೆಲ್ಲ ನಾಯಿಯ ಮುಖ ಕಂಡರಂತೆ. ಕೇರಿಯಲ್ಲಿ ಇದನ್ನು ನಗುತ್ತ ಹೇಳುತ್ತಿದ್ದರು. ಈಗ ನೆನೆದರೆ, ಅವರು ನಕ್ಕದ್ದಕ್ಕೇ ನನಗೆ ಹೆಚ್ಚು ದಿಗಿಲಾಗುತ್ತದೆ.

ಬಣ್ಣದ ಗಾಜಿನ ಆಸೆ ನನಗೆ ಮೊದಲಿನಿಂದಲೂ ಇತ್ತೆನ್ನಿ. ಪೆಪ್ಪರಮಿಂಟಿಗೆ ಸುತ್ತಿದ ಜಿಲೇಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ಇಡೀ ಮಲ್ಲಟವನ್ನು ಕೆಂಪು ಮಾಡುತ್ತಿದ್ದೆ, ಮರುಗಳಿಗೆಗೆ ಹಸಿರು ಮಾಡುತ್ತಿದ್ದೆ. ಎಂಬತ್ತರ ಸೂರ್ಯಗ್ರಹಣದಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರು ಹೇಳಿಕೊಟ್ಟಂತೆ ಗಾಜಿನ ಚೂರೊಂದನ್ನು ಚಿಮಣಿಯ ಮೇಲೆ ಹಿಡಿದು ಮಸಿ ಕೂರಿಸಿದೆ. ಅವ್ವ ನನ್ನನ್ನು ಒಳಗೆ ಹಾಕಿ ಅಗುಳಿ ಜಡಿದಳು. ಮಾಳಿಗೆಯ ಬೆಳಕಿಂಡಿಗೆ ಕತ್ತು ಎತ್ತಿ, ಆ ಮಸಿಗಾಜಿನಲ್ಲಿ ಸೂರ್ಯನನ್ನು ನೋಡಿಬಿಟ್ಟೆ. ಮಸಿ ಮುಖಕ್ಕೆಲ್ಲ ಬಳಿದುಕೊಂಡಿತ್ತು. ನನ್ನ ಮುಖ ನೋಡಿದ ಅವ್ವ ಗ್ರಹಣವೇ ಮಗನಿಗೆ ಹಿಡಿಯಿತೆಂದು ಕೂಗಿಕೊಂಡಳು. ಕಪ್ಪು ಗಾಜು ಇಟ್ಟುಕೊಂಡವನು ಯಾರಿಗೂ ಹೆದರದೆ ಏನನ್ನಾದರೂ ನೋಡಬಹುದು ಎಂಬ ತಪ್ಪು ತಿಳಿವಳಿಕೆ ನನಗೆ ಅಂದೇ ಬಂದಿರಬೇಕು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪನ ಹೆಸರು ಮಾರೆಪ್ಪ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ಹುಡುಗರು ಒಂದು ಆಟ ಕಟ್ಟಿದ್ದರು. ಒಬ್ಬ ಕಾರು ಆಗಿ ಬುರ್ರೆನ್ನುತ್ತ ಬರಬೇಕು, ನಮ್ಮ ಕೇರಿಯವರ ಹಾಗೆ ಒಬ್ಬ ವಲ್ಲಿ ತೆಗೆದು ಬಗ್ಗಬೇಕು. ಬಗ್ಗುವ ಪಾತ್ರ ಪ್ರತಿಸಲವೂ ನನಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಅಳುತ್ತ ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಎಲ್ಲವನ್ನೂ ಕೇಳಿ, ಹಗ್ಗವನ್ನು ಪಕ್ಕಕ್ಕಿಟ್ಟು ಹೇಳಿದ: “ಎಲ್ಲಾರೂ ತೆಗೀತಾರ. ನಾ ತೆಗಿಯಂಗಿಲ್ಲ.” ಒಮ್ಮೆ ತಾನು ವಲ್ಲಿ ತೆಗೆಯದೆ ನಿಂತಾಗ ಕಾರು ನಿಂತಿತೆಂದೂ, ಪರದೆ ಸರಿದು ಒಂದು ಕಣ್ಣು ತನ್ನನ್ನು ನೋಡಿತೆಂದೂ, ತಾನು ಹಾಗೇ ನಿಂತೆನೆಂದೂ, ಕಾರೇ ಮುಂದೆ ಹೋಯಿತೆಂದೂ ಹೇಳಿದ.

ಮರುದಿನ ನಾನು ಶಾಲೆಗೆ ಹೋದ ನಡಿಗೆಯೇ ಬೇರೆ. ಇಂದಿನವರೆಗೆ ನನ್ನ ಬೆನ್ನು ನೆಟ್ಟಗಿದ್ದರೆ ಅದು ಅಂದು ನೆಟ್ಟಗಾದದ್ದು. ಗುಲಬರ್ಗಾದಲ್ಲಿ ಎಂ.ಎ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಟ್ಟಿಲ್ಲ. ಹೇಳಿದಂತೆಲ್ಲ ಅದು ಬೆಳೆಯಿತು. ಪರದೆಯ ಸಂದಿಯ ಕಣ್ಣು ಮೊದಲ ವರ್ಷ ಇಡೀ ಮುಖವಾಯಿತು. ಎರಡನೆಯ ವರ್ಷ ಧಣಿ ಕಾರಿನಿಂದ ಇಳಿದೇ ಬಿಟ್ಟ. ಅಂತಿಮ ಸ್ಪರ್ಧೆಯ ಹೊತ್ತಿಗೆ ತಲೆ ತಗ್ಗಿಸಿ ಹಿಂದಕ್ಕೂ ಹೋದ. ಸ್ಟೀಲಿನ ಲೋಟವೊಂದು ಬಹುಮಾನ ಬಂತು. ಅಪ್ಪ ಆ ಲೋಟದಲ್ಲೇ ನೀರು ಕುಡಿಯುತ್ತಿದ್ದ. ಅದು ಯಾವ ಭಾಷಣಕ್ಕೆ ಬಂದದ್ದೆಂದು ಹೇಳಿದಾಗ ಲೋಟವನ್ನು ಕೆಳಗಿಟ್ಟು ಹಿತ್ತಲಿಗೆ ಎದ್ದು ಹೋಗಿದ್ದ. ಸಂಕೋಚವೆಂದು ತಿಳಿದೆ. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಇಷ್ಟೂ ತಿಳಿಯಲಿಲ್ಲ.

ಈಗ ಕಾಕಾ. ಅಪ್ಪನ ತಮ್ಮ ಹುಸೇನಪ್ಪ ಮಾನ್ವಿಯಲ್ಲಿದ್ದುಕೊಂಡು ಕಾಲುವೆಯ ಸಣ್ಣಪುಟ್ಟ ಕಟ್ಟಡಗಳ ಗುತ್ತಿಗೆ ಮಾಡುತ್ತಿದ್ದ. ಕೈಯಲ್ಲಿ ಸ್ವಲ್ಪ ದುಡ್ಡು ಆಡತೊಡಗಿದಾಗ ಅವನಿಗೆ ಹುಟ್ಟಿದ ಆಸೆ ಒಂದೇ: ಧಣಿಯ ಆ ಕಾರು. ಬೇರೆ ಕಾರಲ್ಲ, ಅದೇ. ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದ ವರ್ಷ ಧಣಿಯ ಮಕ್ಕಳು ಜೀಪು ತಂದು ಹಳೆಯದನ್ನು ಮಾರಲು ಹೊರಟಾಗ, ತಾನು ಕೇಳಿದರೆ ಕೊಡುವುದಿಲ್ಲವೆಂದು ಅರಿತು, ರಾಯಚೂರಿನ ದಲ್ಲಾಳಿಯೊಬ್ಬನನ್ನು ಮುಂದೆ ಬಿಟ್ಟು ಕೊಂಡ. ಇದನ್ನು ಅಣ್ಣನಿಗೆ ತಿಳಿಸಿರಲಿಲ್ಲ. ಬರುವ ಐತವಾರ ಕಾರನ್ನು ಸೀದಾ ಕೇರಿಗೆ ತಂದು, ಧಣಿ ಕೂರುತ್ತಿದ್ದ ಹಿಂದಿನ ಸೀಟಿನಲ್ಲಿ ಅಣ್ಣನನ್ನು ಕೂರಿಸಿಕೊಂಡು ಮಾನ್ವಿಯವರೆಗೆ ಒಯ್ಯಬೇಕೆಂಬುದು ಅವನ ಯೋಜನೆ. ಈ ಗುಟ್ಟು ಗೊತ್ತಿದ್ದುದು ನನಗೊಬ್ಬನಿಗೆ.

ಆದರೆ ಕೊಂಡ ವಾರದಲ್ಲೇ ಅವನು ದೇವದುರ್ಗದ ಪೇಟೆಯಲ್ಲಿ ಕಾರು ಓಡಿಸಿದ್ದ. ಕೊಳೆತ ಪರದೆಗಳನ್ನು ಕಿತ್ತು ಹಾಕಿದ್ದರಿಂದ ಒಳಗಿದ್ದವನು ಎಲ್ಲರಿಗೂ ಕಂಡ. ಚಹಾದ ಅಂಗಡಿಯ ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ತಿವಿದು ನಕ್ಕರಂತೆ. ಒಬ್ಬನಂತೂ ಎದ್ದು ಬಂದು ಕಿಟಕಿಯಲ್ಲಿ ಬಗ್ಗಿ ಕೇಳಿದನಂತೆ: “ಏನಪಾ ಹುಸೇನ್ಯಾ, ಸೀಟು ಒರೆಸಾಕ ಇಟ್ಕೊಂಡಾರೋ, ಕುಂದರಾಕ ಇಟ್ಕೊಂಡಾರೋ?” ಅರಕೇರಾದ ಬಳಿ ಎತ್ತಿನ ಗಾಡಿಯವನು ಹಿಂದಿರುಗಿ ನೋಡಿ, ಗುರುತು ಹಿಡಿದು, ದಾರಿ ಬಿಡದೆ ಮೈಲಿಗಟ್ಟಲೆ ಮುಂದೆಯೇ ಹೊಡೆದನಂತೆ. ಕಾಕಾ ನನ್ನೆದುರು ಇಷ್ಟನ್ನೂ ಕಣ್ಣು ನೆಲಕ್ಕಿಟ್ಟು ಹೇಳಿ, ಬಿಸಿಲು ವಿಪರೀತವಾಗಿದೆ, ಗಾಜಿಗೆ ಕೂಲಿಂಗ್ ಪೇಪರ್ ಅಂಟಿಸಬೇಕು, ಓದಿದವನು ನೀನು, ಬಂದು ಬಣ್ಣ ಆರಿಸಿಕೊಡು ಎಂದ.

ನನ್ನ ಮೈ ಉರಿಯಿತು. ಆ ಉರಿಯಲ್ಲೇ ರಾಯಚೂರಿಗೆ ಹೋದೆ.

ಕೂಲಿಂಗ್ ಪೇಪರ್ ಅಂಟಿಸುವವನು ಖಾಜಾ ಚಾಚಾ ಎಂಬ ಹಿರಿಯ. ಒಂದು ಕಾಲದಲ್ಲಿ ಟಾಂಗಾಗಳಿಗೆ ಬಣ್ಣ ಬಳಿಯುತ್ತಿದ್ದವನು. ತಿಳಿಹಸಿರು, ಕಂದು, ಕಪ್ಪು, ಹೀಗೆ ಮೂರು ಸುರುಳಿಗಳನ್ನು ಬಿಚ್ಚಿ ಬಾನೆಟ್ಟಿನ ಮೇಲೆ ಹಾಸಿದ. ಗಿರಾಕಿಗೆ ಅವನು ಕೇಳುವ ಮೊದಲ ಪ್ರಶ್ನೆ ನನ್ನನ್ನು ಬೆಚ್ಚಿಸಿತು: “ಬಿಸಿಲು ಒಳಗ ಬರಬಾರ್ದೋ, ಮಂದಿ ಕಣ್ಣು ಬರಬಾರ್ದೋ? ಎರಡಕ್ಕೂ ಮಾಲ್ ಬ್ಯಾರೆ ಬ್ಯಾರೆ ಅದ ಸಾಬ್.”

ಕಾಕಾ ಬಿಸಿಲು ಎಂದ. ನಾನು ಕಣ್ಣು ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಅಧಿಕಾರವೆಂಬುದು ಹೇಗೆ ಪರದೆಯ ಹಿಂದೆ ಕೂತು ಆಳಿತು, ಈಗ ಅದೇ ಪರದೆಯ ಹಿಂದೆ ನಾವು ಕೂತು ಅದನ್ನು ಹೇಗೆ ಬಯಲು ಮಾಡಬೇಕು ಎಂಬುದರ ಮೇಲೆ ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ದೇವದುರ್ಗದ ಬೆಂಚಿನವರು ಎದ್ದು ನಿಲ್ಲಲಿ, ಗಾಡಿಯವನು ಎತ್ತು ಹೊರಳಿಸಲಿ, ತಾವು ಯಾರಿಗೆ ದಾರಿ ಬಿಟ್ಟೆವೆಂದು ಅವರಿಗೆ ಗೊತ್ತೇ ಆಗಬಾರದು, ಗೊತ್ತಿರುವುದು ನಮ್ಮಿಬ್ಬರಿಗೇ. ಇದಕ್ಕಿಂತ ಚೆಂದದ ಸೇಡು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಕಾ ತಲೆ ಕೆರೆದುಕೊಂಡು, “ಲೇ ಯೂನಿವರ್ಸಿಟಿ, ಬಣ್ಣ ಹೇಳು, ಭಾಷಣ ಬ್ಯಾಡ” ಎಂದ.

ಚಾಚಾ ಕಪ್ಪು ಹಾಳೆಯ ತುಂಡೊಂದನ್ನು ನನ್ನ ಮುಖದ ಮುಂದೆ ಹಿಡಿದು, ಎದುರಿನ ಟೇಲರನಿಗೆ ಏನು ಕಾಣುತ್ತದೆಂದು ಕೂಗಿ ಕೇಳಿದ. ಅಂಗಿ ಕಾಣುತ್ತದೆ, ತಲೆ ಇಲ್ಲ ಎಂದು ಟೇಲರ ಹೇಳಿದ. ನನಗೆ ಅದು ಬಹಳ ಹಿಡಿಸಿತು. ಕಪ್ಪನ್ನೇ ಆರಿಸಿದೆ. ನಾಲ್ಕು ಬಾಗಿಲ ಗಾಜಿಗೆ, ಹಿಂದಿನ ಗಾಜಿಗೆ, ಮುಂದಿನದಕ್ಕೆ ಅರ್ಧದವರೆಗೆ. ಚಾಚಾ ಸಾಬೂನು ನೀರು ಸವರಿ, ಹಾಳೆ ಕೂರಿಸಿ, ರಬ್ಬರಿನ ಪಟ್ಟಿಯಿಂದ ಒತ್ತಿ ಒತ್ತಿ ನೀರು ಹೊರಡಿಸಿದ. ಉಳಿದ ಗುಳ್ಳೆಗಳನ್ನು ಸೂಜಿಯಿಂದ ಒಂದೊಂದಾಗಿ ಚುಚ್ಚಿದ. ಮುಗಿದ ಮೇಲೆ, ಒಳಗಿನಿಂದ ನೋಡುವುದು ಚಟವಾಗುತ್ತದೆ, ಎಚ್ಚರವಿರಲಿ ಎಂದು ನಗುತ್ತ ಹೇಳಿದ. ಮುದುಕರ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಧಣಿಯ ಜಾಗದಲ್ಲಿ, ಹಿಂದಿನ ಸೀಟಿನ ಎಡ ಮೂಲೆಯಲ್ಲಿ ನಾನು ಕೂತೆ. ಕಾಕಾ ಓಡಿಸಿದ. ಮೊದಲು ದೇವದುರ್ಗ. ಅದೇ ಚಹಾದ ಅಂಗಡಿ, ಅದೇ ಬೆಂಚು. ಕಾರು ಮಾರಿದ ಸುದ್ದಿ ಅವರಿಗೆ ಗೊತ್ತಿತ್ತು; ಆದರೆ ಈ ಕಪ್ಪು ಅವರನ್ನು ಗೊಂದಲಕ್ಕೆ ಕೆಡವಿತು. ಧಣಿಯೇ ಮರಳಿ ಕೊಂಡನೋ, ಯಾರಾದರೂ ಸಾಹೇಬರು ಕೂತಿರುವರೋ, ಏಳಬೇಕೋ ಕೂರಬೇಕೋ ತಿಳಿಯದೆ ಒಬ್ಬ ಅರ್ಧ ಎದ್ದು, ಇಲ್ಲದ ಕುರ್ಚಿಯ ಮೇಲೆ ಕೂತವನಂತೆ ಹಾಗೇ ಉಳಿದುಬಿಟ್ಟ. ಸೀಟಿನ ಮಾತು ಆಡಿದವನು ಅವನೇ ಎಂದು ಕಾಕಾ ತೋರಿಸಿದ. ನಾನು ಸೀಟಿನ ಮೇಲೆ ಬಿದ್ದು ಬಿದ್ದು ನಕ್ಕೆ. ಅರಕೇರಾದ ದಾರಿಯಲ್ಲಿ ಮೂರು ಗಾಡಿಗಳು ಹಾರ್ನು ಕೇಳುವ ಮೊದಲೇ ಪಕ್ಕಕ್ಕೆ ಸರಿದವು. ಕಾಕಾ ಹಾಡು ಗುನುಗತೊಡಗಿದ.

ಅಲ್ಲಿಂದ ಮಾನ್ವಿಗೆ ಹೋಗುವ ದಾರಿ ನಮ್ಮೂರ ಹೊಲಗಳ ಪಕ್ಕದಲ್ಲೇ ಹಾಯುತ್ತದೆ. ಊರೊಳಗೆ ಹೋಗುವ ಯೋಚನೆ ಇರಲಿಲ್ಲ. ಐತವಾರಕ್ಕೆ ಇನ್ನೂ ಮೂರು ದಿನವಿತ್ತು. ಕಳೆ ತೆಗೆದು ಮರಳುತ್ತಿದ್ದ ನಮ್ಮ ಕೇರಿಯ ಹೆಂಗಸರು ಮೊದಲು ಕಂಡರು. ನಾನು ಹುಟ್ಟಿದಾಗ ಮೊದಲ ನೀರು ಎರೆದ ಅಜ್ಜಿ ಅವರಲ್ಲಿದ್ದಳು. ಸೆರಗು ಎಳೆದುಕೊಂಡು ಹೊಲದ ಕಡೆ ತಿರುಗಿದಳು. ನನ್ನ ನಗು ಅರ್ಧಕ್ಕೆ ನಿಂತಿತು. ಮುಂದೆ ಗಂಡಸರು, ಒಬ್ಬೊಬ್ಬರಾಗಿ ಕೆಳಗಿಳಿದು, ಒಬ್ಬೊಬ್ಬರಾಗಿ ವಲ್ಲಿ ತೆಗೆದರು. ಮಲ್ಲಟಕ್ಕೆ ಕಾರು ಮಾರಿದ ಸುದ್ದಿ ಮುಟ್ಟಿರಲಿಲ್ಲ, ಕಾಕಾ ಮುಟ್ಟಗೊಟ್ಟಿರಲಿಲ್ಲ. ದೇವದುರ್ಗದ ಬೆಂಚಿನವರನ್ನು ಬಗ್ಗಿಸಲು ಹೊರಟ ನನಗೆ, ಈ ಕಾರಿಗೆ ನಿಜವಾಗಿ ಬಗ್ಗುವವರು ಯಾರು ಎಂಬುದೇ ಮರೆತುಹೋಗಿತ್ತು. ಅವರು ಯಾರೂ ಗಾಜಿನ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ ನಿಂತವರಿಗೆ ಗಾಜು ಕಪ್ಪಾದರೇನು, ತಿಳಿಯಾದರೇನು.

ಆಮೇಲೆ ಅಪ್ಪ ಕಂಡ.

ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ವಲ್ಲಿ ಹೆಗಲ ಮೇಲೆ ಇರಲೂ ಇಲ್ಲ. ಸಿಂಬಿಯಾಗಿ ಸುತ್ತಿ ಹೊರೆಯ ಅಡಿಗೆ ಇಟ್ಟುಕೊಂಡಿದ್ದ. ತೆಗೆಯದೆ ಹೋದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಹೊರೆ ಹೊತ್ತವನಿಗೆ ಧಣಿಯ ಕಾಲದಲ್ಲೂ ಆ ಒಂದು ಮಾಫಿ ಇತ್ತು. ಅಪ್ಪ ಧೂಳು ನೋಡಿದ. ರಸ್ತೆ ಬಿಟ್ಟು ಕೆಳಗಿಳಿದ. ಮೊಣಕಾಲು ಮಡಿಸಿ, ಕತ್ತು ನಡುಗಿಸುತ್ತ, ಹೊರೆಯನ್ನು ನೆಲಕ್ಕೆ ಇಳಿಸಿದ. ಸಿಂಬಿಯನ್ನು ಬಿಚ್ಚಿ, ಕೊಡವಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ತಲೆ ತಗ್ಗಿಸಿದ. ನನ್ನ ಗಾಜಿನಿಂದ ಎರಡು ಮಾರು ದೂರದಲ್ಲಿ, ಅವನ ನೆತ್ತಿಗೆ ಅಂಟಿದ್ದ ಹುಲ್ಲಿನ ಎಸಳೂ ನನಗೆ ಕಾಣುತ್ತಿತ್ತು.

ನನ್ನ ಕೈ ಗಾಜು ಇಳಿಸುವ ಹಿಡಿಕೆಯ ಮೇಲಿತ್ತು. ಎರಡು ಸುತ್ತು ತಿರುಗಿಸಿದ್ದರೆ ಸಾಕಿತ್ತು. ತಿರುಗಿಸಲಿಲ್ಲ. ಅಪ್ಪನ ಮಾನ ಉಳಿಸಲು ತಿರುಗಿಸಲಿಲ್ಲವೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಕೈ ಆಗ ಕೈಯಾಗಿಯೇ ಇರಲಿಲ್ಲ. ಕಾಕಾನ ಕಾಲು ಬ್ರೇಕಿನ ಮೇಲೆ ಬಂತು, ಕಾರು ಒಮ್ಮೆ ಜಗ್ಗಿತು. ಆಮೇಲೆ ಮುಂದಕ್ಕೆ ಹಾರಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಧೂಳು ಇಳಿಯುವವರೆಗೂ ಅಪ್ಪ ಹಾಗೇ ನಿಂತಿದ್ದ. ಹೊರೆಯನ್ನು ಮತ್ತೆ ತಲೆಗೆ ಏರಿಸಿಕೊಡುವವರು ಅಲ್ಲಿ ಯಾರೂ ಇರಲಿಲ್ಲ.

ಕಾಲುವೆಯ ಸೇತುವೆಯ ಬಳಿ ಕಾಕಾ ಕಾರು ನಿಲ್ಲಿಸಿದ. ಬಹಳ ಹೊತ್ತು ಇಬ್ಬರೂ ಇಳಿಯಲಿಲ್ಲ. ಅಪ್ಪ ತೆಗೆಯುವವನಲ್ಲವಲ್ಲ ಎಂದು ಕೊನೆಗೆ ಕೇಳಿದೆ. ಪ್ರಶ್ನೆ ಕೇಳುವಾಗಲೇ ಅದರ ದನಿ ಮೂರನೆಯ ಇಯತ್ತೆಯವನ ದನಿಯಾಗಿತ್ತು.

“ಅಣ್ಣ ದಿನಾ ತೆಗೀತಿದ್ದ,” ಎಂದ ಕಾಕಾ, ಮುಂದಿನ ಗಾಜನ್ನೇ ನೋಡುತ್ತ. “ಕೇರಿಗೆಲ್ಲಾ ಗೊತ್ತದ. ನಿನಗೊಬ್ಬನಿಗೆ ಗೊತ್ತಿದ್ದಿಲ್ಲ.”

ಹಾಗಾದರೆ ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಆ ಭಾಷಣಗಳನ್ನು ಮತ್ತೆ ಹೇಳಿದಾಗ, ಎದುರು ಕೂತು ಚಪ್ಪಾಳೆ ತಟ್ಟಿದ ಕೇರಿಯವರಿಗೆಲ್ಲ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಯಾವ ಲಂಚದ ಕಡತವೂ, ಯಾವ ಅಧಿಕಾರಿಯ ಸುಳ್ಳೂ ನನ್ನನ್ನು ಹೀಗೆ ಕೆಡವಿಲ್ಲ. ಯಾರನ್ನು ಕಟಕಟೆಗೆ ನಿಲ್ಲಿಸಲಿ? ಧಣಿಯನ್ನೇ? ನಿಲ್ಲಿಸಬೇಕು, ಒಂದು ಇಡೀ ಊರಿನ ಕತ್ತಿಗೆ ಈ ಬಾಗು ಕಲಿಸಿದವನು ಉತ್ತರ ಹೇಳಲೇಬೇಕು, ಅದರಲ್ಲಿ ನನಗೆ ಇಂದಿಗೂ ರಾಜಿಯಿಲ್ಲ. ಆದರೆ ಆ ಮಧ್ಯಾಹ್ನ ಧಣಿ ಕಾರಿನಲ್ಲಿ ಇರಲಿಲ್ಲ. ಅವನು ಎಲ್ಲೋ ತನ್ನ ಮನೆಯಲ್ಲಿ ಊಟ ಮುಗಿಸಿ ಅಡ್ಡಾಗಿದ್ದಿರಬೇಕು. ಅಪ್ಪ ಹೊರೆ ಇಳಿಸಿದಾಗ ಅವನ ಎದುರು ಕೂತಿದ್ದವನು ನಾನು. ಬಣ್ಣ ಆರಿಸಿದವನೂ ನಾನು.

ಈಗ ಐತವಾರದ ಭಯ ಹುಟ್ಟಿತು. ಕಾರು ಕೇರಿಗೆ ಬಂದರೆ, ಮೊನ್ನೆ ತಾನು ಬಗ್ಗಿದ್ದು ಯಾರ ಕಾರಿಗೆಂದು ಅಪ್ಪನಿಗೆ ತಿಳಿದುಹೋಗುತ್ತದೆ. ಪೇಪರ್ ಕಿತ್ತು ಹಾಕೋಣವೆಂದೆ. ಕಾರಿನ ಗುರುತು ಗಾಜಿನಲ್ಲಿಲ್ಲ ಎಂದ ಕಾಕಾ. ಹಾಗಾದರೆ ಕಾರಿಗೇ ಬಿಳಿ ಬಣ್ಣ ಬಳಿಸೋಣವೆಂದೆ. ಅವನು ನನ್ನ ಕಡೆ ತಿರುಗಿ, “ನಾ ಅಣ್ಣನ್ನ ಕೂಡಸಬೇಕಂದಿದ್ದು ಧಣ್ಯಾರ ಕಾರಿನ್ಯಾಗ. ಬಣ್ಣ ಬಳದ್ರ ಅದು ಯಾವಾನ್ದೋ ಕಾರು ಆಗ್ತದ” ಎಂದ. ಆ ಮೂರು ದಿನ ನಾನು ಮನೆಯಲ್ಲೇ ಇದ್ದೆ. ಅಪ್ಪ ಎಂದಿನಂತೆ ನನ್ನ ಕೆಲಸದ ಅರ್ಜಿಗಳ ಬಗ್ಗೆ ಕೇಳಿದ, ಎಂದಿನಂತೆ ಬಹುಮಾನದ ಲೋಟದಲ್ಲಿ ನೀರು ಕುಡಿದ. ಅವನ ಮುಖ ನೋಡಿ ಮಾತಾಡಲು ನನ್ನಿಂದ ಆಗಲಿಲ್ಲ.

ಐತವಾರ ಬೆಳಗಿನ ಹತ್ತರ ಸುಮಾರಿಗೆ ಕಾರು ಕೇರಿಗೆ ಬಂತು. ಕಟ್ಟೆಗಳ ಮೇಲಿದ್ದವರು ಧಡಕ್ಕನೆ ಎದ್ದರು, ಹೆಗಲಿಗೆ ಕೈಗಳು ಹೋದವು. ಬಾಗಿಲು ತೆರೆದು ಹುಸೇನಪ್ಪ ಇಳಿದಾಗ ಆ ಕೈಗಳು ಅಲ್ಲಲ್ಲೇ ನಿಂತವು. ಆಮೇಲೆ ಎದ್ದ ಗದ್ದಲವನ್ನು ಬರೆಯಲಾರೆ. ಯಾರೋ ಅವನನ್ನು ತಬ್ಬಿಕೊಂಡರು, ಯಾರೋ ಕಾರಿನ ಬೆನ್ನು ಸವರಿದರು. ಅಪ್ಪ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತ. ತಮ್ಮನನ್ನು ನೋಡಿದ, ಕಾರನ್ನು ನೋಡಿದ, ಅದರ ನಂಬರನ್ನು ನೋಡಿದ. ಓದು ಬಾರದ ಅಪ್ಪನಿಗೆ ಆ ಅಂಕಿಗಳ ಆಕಾರ ಬಾಯಿಪಾಠವಾಗಿತ್ತು. ನಿಧಾನವಾಗಿ ಇಳಿದು ಬಂದು, ಕಪ್ಪು ಗಾಜಿನ ಮೇಲೆ ಅಂಗೈ ಇಟ್ಟ. ಯಾವಾಗ ಕೊಂಡೆಯೆಂದು ತಮ್ಮನನ್ನು ಕೇಳಿದ. ಹದಿನೈದು ದಿನವಾಯಿತೆಂದು ಕಾಕಾ ಬಾಯಿಯೊಳಗೇ ಹೇಳಿದ. ಅಪ್ಪ ಮನಸ್ಸಿನಲ್ಲೇ ದಿನ ಎಣಿಸಿದ್ದು ನನಗೆ ಕಂಡಿತು.

ಆಮೇಲೆ ನನ್ನ ಕಡೆ ತಿರುಗಿದ.

“ಹೊರಗಿಂದ ಒಳಗ ಕಾಣಂಗಿಲ್ಲ, ಅಲ್ಲಾ?”

“ಇಲ್ಲ ಯಪ್ಪಾ.”

“ಒಳಗಿಂದ ಹೊರಗ?”

ಮುಂದೆ ಜೀವನವಿಡೀ ಅಧಿಕಾರಿಗಳ ಬಾಯಿಂದ ನಿಜ ಹೊರಡಿಸುತ್ತೇನೆಂದು ಹೊರಡಲಿದ್ದ ನನ್ನ ಬಾಯಿಂದ ಬಂದ ಉತ್ತರ ಇದು: “ಏನೂ ಕಾಣಂಗಿಲ್ಲ ಯಪ್ಪಾ. ಬರೇ ಕತ್ಲಿ.”

ಅಪ್ಪ ಗಾಜನ್ನು ಬೆರಳಿಂದ ತಟ್ಟಿದ. “ಹಂಗಾರ ಹುಸೇನಪ್ಪ ಹ್ಯಾಂಗ ಓಡಿಸ್ತಾನ?”

ಕೇರಿಯವರು ಗೊಳ್ಳೆಂದು ನಕ್ಕರು. ಮುಂದಿನ ಗಾಜು ಬೇರೆ ಎಂದೇನೋ ತೊದಲಿದೆ. ಅಷ್ಟರಲ್ಲಿ ಅಪ್ಪ ಹಿಂದಿನ ಬಾಗಿಲು ತೆರೆದು, ಎಡ ಮೂಲೆಯಲ್ಲಿ ಕೂತು, ಬಾಗಿಲು ಎಳೆದುಕೊಂಡಿದ್ದ. ನಾನು ಸುತ್ತಿಹೋಗಿ ಆ ಕಡೆಯಿಂದ ಪಕ್ಕದಲ್ಲಿ ಕೂತೆ.

ಒಳಗಿನಿಂದ ಇಡೀ ಕೇರಿ ಕಾಣುತ್ತಿತ್ತು. ಸ್ವಲ್ಪ ಮೋಡ ಕವಿದ ದಿನದ ಹಾಗೆ, ಆದರೆ ಒಂದೊಂದು ಮುಖವೂ ನಿಚ್ಚಳ. ಅವ್ವ ಹೊರಗೆ ಬಂದು, ಗಾಜಿನಲ್ಲಿ ತನ್ನ ಮುಖ ಕಂಡು, ಒಳಗೆ ಗಂಡ ಕೂತಿರುವುದು ತಿಳಿಯದೆ, ಕುಂಕುಮ ಸರಿಮಾಡಿಕೊಂಡಳು. ತುಟಿ ಎಳೆದು ಹಲ್ಲು ನೋಡಿಕೊಂಡಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಗುತಿಯನ್ನು ಆ ಕಡೆ ಈ ಕಡೆ ತಿರುಗಿಸಿ ಅಂದ ನೋಡಿದಳು. ಅವಳ ಮುಖಕ್ಕೂ ಅಪ್ಪನ ಮುಖಕ್ಕೂ ನಡುವೆ ಒಂದು ಗೇಣು ಅಂತರ. ಅಪ್ಪನಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಕುಲುಕಿತು. ಮದುವೆಯಾದಾಗಿನಿಂದ ಹೆಂಡತಿಯನ್ನು ಹೀಗೆ ನೋಡಿರಲಿಲ್ಲವೇನೋ. ನಗುನಗುತ್ತಲೇ ಒಮ್ಮೆಲೇ ನಿಲ್ಲಿಸಿದ.

“ಎಲ್ಲಾ ಕಾಣ್ತದಲ್ಲೋ,” ಎಂದ.

ನಾನು ಮುಂದಿನ ಸೀಟಿನ ಬೆನ್ನು ನೋಡಿದೆ.

“ಮೊನ್ನಿ ನೀ ಇದರಾಗ ಇದ್ದೇನು?”

“ಹೂಂ.”

ಅಪ್ಪ ವಲ್ಲಿಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಹೊರಗೆ ಕಾಕಾ ಬಾನೆಟ್ಟು ಎತ್ತಿ ಯಾರಿಗೋ ಎಂಜಿನ್ನು ತೋರಿಸುತ್ತಿದ್ದ. “ನೀ ಸಣ್ಣಾವ ಇದ್ದಾಗ ಅಳಕೋಂತ ಬಂದಿ. ಒಂದ್ ಮಾತು ಹೇಳಿದ್ನಿ. ಮರುದಿನಾ ನೋಡ್ತೀನಿ, ನೀ ಎದಿ ಸೆಟಸಿ ಅಡ್ಡಾಡಾಕತ್ತಿ. ಹೇಳಿದ ಮಾತು ತಿರುಗಿ ಹ್ಯಾಂಗ ತಗೊಳ್ಳಲಿ?”

ಉತ್ತರ ಕೊಡುವುದು ನನ್ನ ಸರದಿಯಾಗಿತ್ತು. ಒಳಗಿನಿಂದ ಏನೂ ಕಾಣುವುದಿಲ್ಲವೆಂದು ಈಗಷ್ಟೇ ಹೇಳಿದ ಸುಳ್ಳನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ಅಪ್ಪ ಅದನ್ನು ಕೇಳಲೂ ಇಲ್ಲ. ಹೆದರಿಕೆಗೆ ತೆಗೆದೆಯೋ ರೂಢಿಗೆ ತೆಗೆದೆಯೋ ಎಂದು ನಾನೂ ಕೇಳಲಿಲ್ಲ. ನನ್ನಂಥವನು ಕೇಳದೆ ಬಿಟ್ಟ ಪ್ರಶ್ನೆ ಜೀವನದಲ್ಲಿ ಅದೊಂದೇ ಇರಬೇಕು. ಅವನು ಹಿಡಿಕೆಯನ್ನು ತಡಕಾಡಿ ಹುಡುಕಿದ. ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಮೊದಲು ಮೇಲಕ್ಕೆ ಬಿಗಿದ. ಆಮೇಲೆ ತಿಳಿದು, ಕೆಳಗೆ, ಕೆಳಗೆ, ಗಾಜು ಪೂರ್ತಿ ಬಾಗಿಲೊಳಗೆ ಹೋಗುವವರೆಗೂ ತಿರುಗಿಸಿದ. ಅವ್ವ ಮೂಗುತಿಯ ಮೇಲೆ ಬೆರಳಿಟ್ಟುಕೊಂಡೇ ಬೆಚ್ಚಿ ಹಿಂದಕ್ಕೆ ಹಾರಿದಳು.

ಅವ್ವನನ್ನೂ ಹತ್ತಿಸಿಕೊಂಡು ಹೊರಟೆವು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಾಕಾ ತನ್ನ ಕೂಲಿಂಗ್ ಪೇಪರಿನ ಗತಿ ನೋಡಿ ಒಳಗೊಳಗೇ ನೊಂದಿರಬೇಕು. ಊರು ದಾಟುತ್ತಲೇ ಎದುರಿಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಯಲ್ಲಪ್ಪ, ಅಪ್ಪನ ಜೊತೆ ಕೂಲಿ ಮಾಡಿದವನು, ಧೂಳು ಕಂಡು ರಸ್ತೆ ಬಿಟ್ಟು ಇಳಿದ. ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ವಲ್ಲಿಗೆ ಕೈ ಹಾಕಿದ. ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದ. ಅವ್ವ ಹೆದರಿ ಅವನ ಧೋತರ ಹಿಡಿದುಕೊಂಡಳು.

“ಲೇ ಯಲ್ಲ್ಯಾ, ನಾನಲೇ, ಮಾರೆಪ್ಪ.”

ಯಲ್ಲಪ್ಪ ಬಾಯಿ ತೆರೆದು ನಿಂತ. ವಲ್ಲಿ ಅರ್ಧ ಕೈಯಲ್ಲಿತ್ತು, ಅರ್ಧ ಹೆಗಲ ಮೇಲಿತ್ತು. “ಧಣ್ಯಾರು ಎಲ್ಲಿ?”

“ಧಣ್ಯಾರು ಇಲ್ಲ. ವಲ್ಲಿ ಹಾಕ್ಕೋ ಮೊದಲ.”

ಅವನು ಹಾಕಿಕೊಳ್ಳುವವರೆಗೂ ಅಪ್ಪ ಕಾರು ಮುಂದಕ್ಕೆ ಬಿಡಗೊಡಲಿಲ್ಲ. ಮುಂದಿನ ತಿರುವಿನಲ್ಲಿ ಇನ್ನಿಬ್ಬರು. ಕಾಲುವೆಯ ಬಳಿ ಐದಾರು ಜನ. ದೂರದಲ್ಲಿ ಮನುಷ್ಯಾಕೃತಿ ಕಂಡರೆ ಸಾಕು, ಅವರು ರಸ್ತೆ ಬಿಟ್ಟು ಇಳಿಯುವ ಮೊದಲೇ ತನ್ನ ದನಿ ಮುಟ್ಟಬೇಕೆಂದು ಅಪ್ಪ ಅಲ್ಲಿಂದಲೇ ಕೂಗತೊಡಗುತ್ತಿದ್ದ. ಗುರುತಿದ್ದವರಿಗೆ ಹೆಸರು ಹಿಡಿದು, ಗುರುತಿಲ್ಲದವರಿಗೆ ಬರೇ ‘ನಾನೋ’ ಎಂದು. ಎತ್ತರದ ದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ. ಮಾನ್ವಿ ಮುಟ್ಟುವಷ್ಟರಲ್ಲಿ ಅವನ ದನಿ ಪೂರ್ತಿ ಬಿದ್ದುಹೋಗಿತ್ತು.